ವೈನ್ ಮೇಜಿನ ಮೇಲೆ ಒಂದು ಜ್ಯೂಸ್ ಬಾಟಲಿ

ಸಿಯಾಟಲ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ, ಶುಕ್ರವಾರ ಸಂಜೆ ಯಹೂದಿ ವಿದ್ಯಾರ್ಥಿ ಕೇಂದ್ರದ ಬಾಗಿಲಲ್ಲಿ ನಿಂತು ಐಡಿ ನೋಡುವುದು ನನ್ನ ಕೆಲಸವಾಗಿತ್ತು. ಯಹೂದಿಗಳ ವಾರದ ಪವಿತ್ರ ದಿನವಾದ ಸಬ್ಬತ್ತಿನ ಊಟಕ್ಕೆ ಮೊದಲು ಅಲ್ಲಿ ವೈನ್ ಲೋಟ ಹಿಡಿದು ಪ್ರಾರ್ಥನೆ ಹೇಳುತ್ತಾರೆ. ಅಲ್ಲಿನ ಕಾನೂನಿನಂತೆ ಇಪ್ಪತ್ತೊಂದು ತುಂಬಿದವರಿಗೆ ವೈನ್, ಉಳಿದವರಿಗೆ ದ್ರಾಕ್ಷಿ ಜ್ಯೂಸ್. ನಾನು ಮುಸ್ಲಿಂ, ಕುಡಿಯುವವಳಲ್ಲ. ನನ್ನ ಹತ್ತಿರ ಯಾರೂ ಸಲಿಗೆ ತೋರಿಸುವುದಿಲ್ಲವೆಂದು ಕೇಂದ್ರದ ಮೇಲ್ವಿಚಾರಕರು ನನ್ನನ್ನು ಆರಿಸಿದ್ದರು. ಮೈಸೂರಿನಲ್ಲಿದ್ದ ಅಮ್ಮನಿಗೆ ಕೆಲಸದ ವಿಷಯ ಹೇಳಿದ್ದೆ, ವೈನಿನ ವಿಷಯ ಹೇಳಿರಲಿಲ್ಲ.

ಅಲ್ಲಿ ನನಗೆ ಹತ್ತಿರವಾದವಳು ಸಿಯಾಟಲ್ ಹತ್ತಿರದ ಇಸ್ಸಾಕ್ವಾ ಊರಿನ ಒಬ್ಬ ಹುಡುಗಿ. ಮೊದಲ ವರ್ಷ ವಿಪರೀತ ಕುಡಿದು, ಆಸ್ಪತ್ರೆ ಸೇರಿ, ಆಮೇಲೆ ಪೂರ್ತಿ ಬಿಟ್ಟಿದ್ದಳು. ಒಮ್ಮೆ ರೈಲಿನಲ್ಲಿ ಲಿನ್‌ವುಡ್ಡಿನ ನನ್ನ ಮನೆಗೆ ಬರುವಾಗ ಇದನ್ನು ಹೇಳಿದಳು. ಕೇಂದ್ರದ ಗೆಳೆಯರಿಗೆ ತಿಳಿಯುವುದು ಅವಳಿಗೆ ಬೇಕಿರಲಿಲ್ಲ; ಅವರ ಕನಿಕರ ತಡೆಯಲಾರೆ ಎಂದಳು. ಇನ್ನೊಂದು ಸಲ ಶುರುವಾದರೆ ಬಿಡಲು ಆಗುವುದಿಲ್ಲವೆಂದೂ ಹೇಳಿದಳು. ವಯಸ್ಸು ತುಂಬುವವರೆಗೆ ನಿಯಮವೇ ಅವಳನ್ನು ಕಾಯ್ದಿತ್ತು. ಜ್ಯೂಸ್ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅವಳಿಗೆ ಇಪ್ಪತ್ತೊಂದು ತುಂಬಿದ ಹೊತ್ತಿಗೇ ನಿಯಮ ಬಿಗಿಯಾಯಿತು. ದೊಡ್ಡವರ ಲೋಟಗಳು ಚಿಕ್ಕವರ ಕೈಗೆ ದಾಟುತ್ತಿವೆಯೆಂದು ಮೇಲ್ವಿಚಾರಕರು ವಯಸ್ಸಿನ ಪ್ರಕಾರ ಮೇಜುಗಳನ್ನು ಬೇರೆ ಮಾಡಿದರು. ಕುಡಿಯದ ದೊಡ್ಡವರೂ ಇರಬಹುದೆಂದು ಯೋಚಿಸಿ ವೈನ್ ಮೇಜಿನ ನಡುವೆ ಜ್ಯೂಸಿನ ಒಂದು ಬಾಟಲಿ ಇಟ್ಟರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು.

ನನ್ನ ಗೆಳತಿಯ ಕೈ ಅದರತ್ತ ಹೋಗುತ್ತಿರುವಾಗಲೇ ಎದುರು ಕೂತವಳೊಬ್ಬಳು ಬಾಟಲಿ ಎತ್ತಿ ನೋಡಿದಳು.

"ಇದ್ಯಾರಿಗಪ್ಪಾ? ನಮ್ಮಲ್ಲಿ ಯಾರೋ ಪ್ರೆಗ್ನೆಂಟ್ ಅನ್ಸತ್ತೆ."

ಮೇಜಿಗೆ ಮೇಜೇ ನಕ್ಕಿತು. ನನ್ನ ಗೆಳತಿಯೂ ನಕ್ಕಳು. "ನಾನಂತೂ ಅಲ್ಲಮ್ಮ," ಎಂದು ವೈನ್ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಪ್ರಾರ್ಥನೆ ಮುಗಿಯಿತು, ಎಲ್ಲರೂ ಕುಡಿದರು, ಅವಳೂ ಕುಡಿದಳು. ಆಮೇಲೆ ಕೈ ತೊಳೆಯಲು ಎದ್ದರು. ಕೈ ತೊಳೆದ ಮೇಲೆ ರೊಟ್ಟಿ ಮುರಿದು ಬಾಯಿಗಿಡುವವರೆಗೆ ಮಾತಾಡಬಾರದೆಂಬುದು ಅವರ ಪದ್ಧತಿ. ನಾನು ಸಿಂಕಿನ ಪಕ್ಕ ಟವೆಲ್ ಹಿಡಿದು ನಿಂತಿದ್ದೆ. ಅವಳು ಹತ್ತಿರ ಬಂದಾಗ, ಹೊರಗೆ ಬಾ, ಸ್ವಲ್ಪ ನಡೆದು ಬರೋಣ ಎಂದೆ. ಅವಳ ಕೈ ಆಗಲೇ ಒದ್ದೆಯಾಗಿತ್ತು. ತುಟಿ ಬಿಗಿದು ತಲೆ ಅಲ್ಲಾಡಿಸಿದಳು. ಈಗ ಮಾತಾಡುವಂತಿಲ್ಲ ಎಂದಳೋ ಬರುವುದಿಲ್ಲ ಎಂದಳೋ, ನನಗೆ ಇಂದಿಗೂ ತಿಳಿಯದು.

ರೊಟ್ಟಿ ಹಂಚಿದ ಮೇಲೆ ಅವಳ ಕುರ್ಚಿಯ ಹತ್ತಿರ ಹೋದೆ.

"ಒಂದೇ ಗುಟುಕು ಕಣೇ," ಎಂದಳು ಮೆಲ್ಲಗೆ. "ಪ್ರಾರ್ಥನೆಗೆ ಅಷ್ಟೇ."

ಅಷ್ಟರಲ್ಲಿ ಚಿಕ್ಕವರ ಮೇಜಿನಿಂದ ಹೊಸ ವಿದ್ಯಾರ್ಥಿನಿಯೊಬ್ಬಳು ವೈನ್ ಬಾಟಲಿಯತ್ತ ಬರುತ್ತಿದ್ದಳು. ಅವಳಿಗೆ ಅಡ್ಡ ನಿಂತು, ನಿಯಮ ಹೇಳಿ ವಾಪಸ್ ಕಳಿಸಿದೆ. ಅವಳು ಕ್ಷಮೆ ಕೇಳಿ ಹೋದಳು. ತಿರುಗಿ ನೋಡಿದಾಗ ನನ್ನ ಗೆಳತಿ ಎರಡನೆಯ ಲೋಟ ತುಂಬಿಕೊಳ್ಳುತ್ತಿದ್ದಳು. ಅವಳಿಗೆ ಹೇಳಲು ನನ್ನ ಹತ್ತಿರ ಯಾವ ನಿಯಮವೂ ಇರಲಿಲ್ಲ.