ಜೀವಶಾಸ್ತ್ರದ ಬೀರುವಿನಲ್ಲಿ ಉಕ್ಕಿದ ಹಿಟ್ಟು

ಸುಖದ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕಷ್ಟಕ್ಕಾದರೆ ಮೈಯೇ ಸಾಕ್ಷಿ ಹೇಳುತ್ತದೆ. ಮಂಡಿ ನೋವು, ಎದೆಯುರಿ, ಉದುರಿದ ಕೂದಲು ಎಲ್ಲವೂ ಎದ್ದು ನಿಲ್ಲುತ್ತವೆ. ಸುಖ ಮಾತ್ರ ಏನೂ ಗುರುತು ಬಿಡದೆ ಹೋಗಿಬಿಡುತ್ತದೆ. ಆಮೇಲೆ ಬೇಸರವಾದಾಗ ನಾವೇ ಒಂದಿಷ್ಟು ಕಟ್ಟಿಕೊಂಡು, ಇದು ನಡೆದದ್ದು ಎಂದು ಹೇಳಿಕೊಂಡು ತಿರುಗುತ್ತೇವೆ.

ಕಳೆದ ಭಾನುವಾರ ಈ ಅನುಮಾನವೇ ನನಗೆ ಉರುಳಾಯಿತು. ನಮ್ಮ ಮನೆಯೊಡೆಯರಾದ ಮುನಿಯಪ್ಪನವರು ಮಗಳು ನಾಗರತ್ನಳನ್ನು ಕರೆದುಕೊಂಡು ಬಂದರು. ಲಗ್ಗೆರೆಯ ಈ ಸಾಲುಮನೆಗಳೆಲ್ಲ ಅವರವೇ. ರಾಗಿ ಬೆಳೆಯುತ್ತಿದ್ದ ಹೊಲ ಪೀಣ್ಯದ ಕಾರ್ಖಾನೆಗಳ ಪಾಲಾದ ಮೇಲೆ ಉಳಿದ ತುಂಡಿನಲ್ಲಿ ಅವರು ಬೆಳೆದದ್ದು ಬಾಡಿಗೆದಾರರನ್ನು. ಮಗಳು ಬಿ.ಎಡ್. ಮುಗಿಸಿದ್ದಾಳೆ. ಜಾಂಬಿಯಾದಲ್ಲಿ ಮೇಡಂ ಕೆಲಸ ಸಿಕ್ಕಿದೆ. ಹೋಗುತ್ತೇನೋ ಇಲ್ಲವೋ ಎಂದು ಮರುದಿನವೇ ಹೇಳಬೇಕಿತ್ತು.

"ನೀವು ಅಲ್ಲಿ ಪಾಠ ಮಾಡ್ಕಂಡ್ ಇದ್ದೋರು ಸಾ. ನೀವು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ" ಎಂದರು ಮುನಿಯಪ್ಪ.

"ನಾನಿದ್ದದ್ದು ಇಥಿಯೋಪಿಯಾ. ಇದು ಬೇರೆ ದೇಶ" ಎಂದೆ.

"ಯಾವ್ದಾದ್ರೇನ್ ಸಾ, ಎಲ್ಡೂ ಆಚೆ ದೇಸಾನೇ ಅಲ್ವಾ!"

ಭೂಗೋಳದ ಮೇಲೆ ವಾದ ಮಾಡುವ ಹೊತ್ತಾಗಿರಲಿಲ್ಲ. ತಾಯಿಯಿಲ್ಲದ ಹುಡುಗಿ, ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ. ಮುನಿಯಪ್ಪ ಹೆಗಲ ಮೇಲಿನ ಟವೆಲನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನಂತೂ ಒಂದು ಕಡೆ ಕೂತವನೇ ಅಲ್ಲ. ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ಓಡಾಡುತ್ತ ಹೇಳತೊಡಗಿದೆ.

ಹೇಳಿದ್ದು ಒಂದು ವಾರದ ಕತೆ. ಎತ್ತರದ ಊರು, ಕಿವಿ ಕೊರೆಯುವ ಚಳಿ. ಗಣಿತದ ಮೇಷ್ಟ್ರು ಕಾಯಿಲೆ ಬಿದ್ದು ಅವರ ತರಗತಿಗಳೂ ನನ್ನ ತಲೆಗೇ ಬಂದಿದ್ದವು. ಸಂಜೆಯಾಗುವಷ್ಟರಲ್ಲಿ ಗಂಟಲಲ್ಲಿ ಸ್ವರವೇ ಇರುತ್ತಿರಲಿಲ್ಲ. ಆದರೂ ಆ ವಾರ ಎಂದರೆ ನನಗೆ ಮೊದಲು ನೆನಪಾಗುವುದು ಶಾಲೆಯ ಹಿಂದಿನ ನೀಲಗಿರಿ ತೋಪಿನಲ್ಲಿ ಒಣಗಿದ ಎಲೆ ಸುಡುವ ವಾಸನೆ. ಬೆಳಿಗ್ಗೆ ಆ ಹೊಗೆಯೊಳಗಿಂದ ಬಿಳಿ ಶಾಲು ಹೊದ್ದ ಹುಡುಗರು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ನೋಡುತ್ತ ನಿಂತರೆ ಗಂಟೆ ಹೊಡೆದದ್ದೂ ತಿಳಿಯುತ್ತಿರಲಿಲ್ಲ.

ಇಷ್ಟು ಹೇಳಿ ಗೇಟಿನ ಹತ್ತಿರ ನಿಂತೆ. ರಸ್ತೆಯಾಚೆಗೂ ನೀಲಗಿರಿ ತೋಪು. ಅಲ್ಲೂ ಯಾರೋ ಎಲೆ ಸುಡುತ್ತಿದ್ದರು. ಆ ವಾಸನೆ ಅಲ್ಲಿಯದೋ, ಇಲ್ಲಿಂದ ಹೊರಟು ಹಿಂದಕ್ಕೆ ಹೋಗಿ ಸೇರಿಕೊಂಡದ್ದೋ? ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರೊಬ್ಬರು, ಪ್ರಯೋಗದಲ್ಲಿ ಕಂಡದ್ದನ್ನು ಆಗಲೇ ಬರೆಯಿರಿ, ಊಟ ಮಾಡಿ ಬಂದು ಬರೆದರೆ ಅದು ನಿಮ್ಮ ಆಸೆ ಎಂದು ಗದರುತ್ತಿದ್ದರು. ನಾನು ಎಷ್ಟೊಂದು ಊಟ ಮಾಡಿ ಬಂದು ಈ ಹುಡುಗಿಗೆ ಸಾಕ್ಷಿ ಹೇಳುತ್ತಿದ್ದೆ!

ಅದಕ್ಕೇ ವಿಜ್ಞಾನದ ಆಸರೆಯಿರುವ ಇನ್ನೊಂದು ಸುಖಕ್ಕೆ ಹಾರಿದೆ. ಆ ಚಳಿಗೆ ದೋಸೆ ಹಿಟ್ಟು ಹುಳಿ ಬರುತ್ತಿರಲಿಲ್ಲ. ಹಿಟ್ಟಿನ ಪಾತ್ರೆಗೆ ನನ್ನ ಕೋಟು ತೊಡಿಸಿ, ಗುಂಡಿ ಕೂಡ ಹಾಕಿ ನೋಡಿದ್ದಾಯಿತು. ಕೋಟು ಕೊಳೆಯಾಯಿತೇ ವಿನಾ ಹಿಟ್ಟು ಮಿಸುಕಲಿಲ್ಲ. ಕೊನೆಗೆ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ, ಜೀವಶಾಸ್ತ್ರದ ಕೋಣೆಯಲ್ಲಿ ಸೂಕ್ಷ್ಮಜೀವಿ ಬೆಳೆಸುವ ಬೆಚ್ಚನೆಯ ಬೀರುವಿನಲ್ಲಿ ಪಾತ್ರೆ ಇಟ್ಟೆ. ಮರುದಿನ ತರಗತಿಯ ನಡುವೆ ಬೀರುವಿನ ಬಾಗಿಲ ಸಂದಿಯಿಂದ ಬಿಳಿಯ ನೊರೆ ನಿಧಾನವಾಗಿ ಇಳಿಯಿತು. ಹುಡುಗರು ಬೆಂಚು ಹತ್ತಿ ಚಪ್ಪಾಳೆ ತಟ್ಟಿದರು. ಆ ಸಂಜೆ ಗಂಟಲು ಹೋದದ್ದೂ ಮರೆತು ದೋಸೆ ತಿಂದೆವು.

"ಆದ್ದರಿಂದ ನಾಗರತ್ನ, ಎಲ್ಲಿ ಹೋದರೂ ಸಣ್ಣ ಪುಟ್ಟ ಸುಖಗಳನ್ನ ನಾವೇ ಮಾಡ್ಕೋಬಹುದು" ಎಂದು ಮುಗಿಸಿದೆ.

"ಏನ್ ಮಾಡ್ಕೊಂಡ್ರಿ ನೀವು?" ಕಾಫಿ ತಂದ ನನ್ನ ಹೆಂಡತಿ ಸುಮತಿ ಬಾಗಿಲಲ್ಲೇ ನಿಂತಳು. "ಅದೇ ಬೀರುವಿನಲ್ಲಿ ಅದಕ್ಕೆ ಮುಂಚೇನೂ ಇಟ್ಟಿದ್ರಲ್ಲ, ಏನಾಯ್ತು? ಗೋಂದು! ಆ ಸಲ ಉಕ್ಕಿದ್ದು ಪಕ್ಕದ ಮನೆ ಅಲ್ಮಾಜ್‌ಳಿಂದ ಕಣ್ರೀ. ನಮ್ಮ ಹಿಟ್ಟು ಮೂಸಿ ನೋಡಿ, ಬಿದ್ದು ಬಿದ್ದು ನಕ್ಕು, ಮನೆಗೆ ಓಡ್ಹೋಗಿ ಅವರ ಹುಳಿ ಹಿಟ್ಟು ಒಂದು ಸೌಟು ತಂದು ಸುರಿದ್ಲು. ಅವರೂ ದೋಸೆ ಥರದ್ದೇ ಮಾಡ್ತಾರಲ್ಲ."

"ನನಗೆ ಹೇಳಲೇ ಇಲ್ಲ ನೀನು."

"ಹೇಳಿದ್ದೆ. ನೀವು ಆ ವಾರ ಯಾರ ಮಾತು ಕೇಳಿಸ್ಕೊಂಡ್ರಿ? ಊರಿಗೆ ಹೋಗೋಣ ಅಂತ ಪೆಟ್ಟಿಗೆ ಇಳಿಸಿಟ್ಟು, ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ರಿ."

ಪೆಟ್ಟಿಗೆ ಇಳಿಸಿದ್ದು ನನಗೆ ಎಳ್ಳಷ್ಟೂ ನೆನಪಿಲ್ಲ. ನಾಗರತ್ನ ನನ್ನನ್ನೂ ಸುಮತಿಯನ್ನೂ ನೋಡಿದಳು. "ಅಕ್ಕ, ಅವರ ಭಾಷೆ ನಿಮಗೆ ಬರ್ತಿತ್ತಾ?"

"ಎಲ್ಲಿ ಬರ್ತಿತ್ತೇ? ಹಿಟ್ಟು ಹುಳಿ ಬಂದಿಲ್ಲ ಅಂತ ತಿಳ್ಕೊಳ್ಳೋಕೆ ಭಾಷೆ ಯಾಕೆ, ಮೂಗಿದ್ರೆ ಸಾಕು."

ನಾಗರತ್ನ ನಕ್ಕಳು. ಬಂದಾಗಿನಿಂದ ಅದೇ ಮೊದಲು. ಮುನಿಯಪ್ಪ ನಗಲಿಲ್ಲ. ಟವೆಲು ಹೆಗಲ ಮೇಲೆ ಒಂದೇ ಕಡೆ ನಿಂತಿತ್ತು.

"ಕರೀದೇನೇ ಬಂದ್ಳಾ ಆಯಮ್ಮ?" ಎಂದು ಸುಮತಿಯನ್ನು ಕೇಳಿದರು.

"ಕರೀದೇನೇ. ಆಮೇಲೆ ದಿನಾ ಬರೋಳು. ಬೇಡ ಅಂದ್ರೂ ಬಿಡ್ತಿರಲಿಲ್ಲ."

ನನಗೆ ಆಗ ಹೊಳೆಯಿತು: ಅವರು ತಿಳಿಯಬೇಕೆಂದು ಬಂದದ್ದು ಸುಖ ಮಾಡಿಕೊಳ್ಳುವ ವಿದ್ಯೆಯನ್ನಲ್ಲ, ಗೋಡೆ ಕಡೆ ತಿರುಗಿ ಮಲಗಿದರೆ ಬಾಗಿಲು ತಟ್ಟುವವರು ಯಾರಾದರೂ ಇರುತ್ತಾರೆಯೇ ಎಂಬುದನ್ನು. ಅದಕ್ಕೆ ಬೇಕಾದ ಸಾಕ್ಷಿ ನನ್ನ ಬಳಿ ಇರಲೇ ಇಲ್ಲ.

ಕಾಫಿ ಕುಡಿದು ಎದ್ದ ಮುನಿಯಪ್ಪ ಮಗಳ ಕಡೆ ನೋಡದೆ ನನ್ನನ್ನು ಕೇಳಿದರು:

"ಜಾಂಬಿಯಾದಾಗೂ ಚಳಿ ಐತಾ ಸಾ? ಮಗೀಗೆ ಕಂಬ್ಳಿ ತರಬೇಕಾಯ್ತದಾ?"

ಜಾಂಬಿಯಾದ ಹವೆ ನನಗೆ ತಿಳಿಯದು. ಆ ದೇಶವನ್ನು ಕಂಡಿಲ್ಲ, ಅದರ ಬಗ್ಗೆ ಓದಿಲ್ಲ. ಕಂಡದ್ದನ್ನೇ ಅನುಮಾನಿಸುವ ನಾನು ಕಾಣದ್ದರ ಬಗ್ಗೆ ಒಂದಿಷ್ಟೂ ತಡವರಿಸದೆ, "ಬೇಕೇ ಬೇಕು, ದಪ್ಪನೆಯದೇ ತನ್ನಿ" ಎಂದೆ. ಚಳಿ ಇಲ್ಲದಿದ್ದರೆ ಹುಡುಗಿ ಅದನ್ನು ಮಡಿಸಿ ತಲೆದಿಂಬು ಮಾಡಿಕೊಳ್ಳಲಿ.