ಆಷಾಢದಲ್ಲಿ ಖಾಲಿ ಮಾಡಿದ ಮನೆ

ಓನರಮ್ಮನ ಬಿರುಕುಬಿಟ್ಟ ಹಿಮ್ಮಡಿಗಳಲ್ಲಿ ಯಾವಾಗಲೂ ರಂಗೋಲಿ ಪುಡಿ ಸೇರಿಕೊಂಡಿರುತ್ತಿತ್ತು. ಆ ಸೋಮವಾರವೂ ಮುಳಬಾಗಿಲಿನ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಮಹಡಿಯಲ್ಲಿ ಬಾಡಿಗೆಗಿದ್ದ ನನ್ನನ್ನು ಕೂಗಿದರು.

"ಲೇ ಅಮ್ಮಾಯಿ, ಮೋಟ್ರು ಆಫ್ ಮಾಡೇ. ಟ್ಯಾಂಕ್ ತುಂಬಿ ಬೀದಿಗೆಲ್ಲಾ ಸ್ನಾನ ಮಾಡಿಸ್ತಾ ಇದ್ದೀಯ."

ನಮ್ಮ ಪಾಲಿಗೆ ಮಾಮೂಲಿನಂತೆ ಕಳೆದ ಕೊನೆಯ ದಿನ ಅದು. ಮಾರನೆಯ ದಿನ ನನ್ನ ಗಂಡ ಊಟದ ಡಬ್ಬಿಯನ್ನೂ ತೆರೆಯದೆ ಮಧ್ಯಾಹ್ನವೇ ಮನೆಗೆ ಬಂದರು. ಅವರ ಫ್ಯಾಕ್ಟರಿ ಮುಚ್ಚಿತ್ತು.

ಇನ್ನು ಆ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬೈರಕೂರಿನಲ್ಲಿ ಒಂದು ಕೋಣೆ ಕಡಿಮೆಗೆ ಸಿಗುತ್ತಿತ್ತು. ಆದರೆ ನಮ್ಮ ಕರಾರು ಇನ್ನೂ ಮುಗಿದಿರಲಿಲ್ಲ. ನಡುವೆ ಬಿಟ್ಟರೆ ಅಡ್ವಾನ್ಸ್ ವಾಪಸಿಲ್ಲ ಎಂದು ಮೊದಲೇ ಮಾತಾಗಿತ್ತು. ಮೇಲಾಗಿ ಆಗ ಆಷಾಢ. ಓನರಮ್ಮ ಮಂಗಳವಾರ ಗೋಡೆಗೆ ಮೊಳೆ ಹೊಡೆಯಲೂ ಬಿಡದವರು. ಹೆದರಿಕೊಂಡೇ ವಿಷಯ ಹೇಳಿದೆ. ಅವರು ಬೈಯಲಿಲ್ಲ, ಕೇಳಿದರು.

"ಯಾವಾಗ ಹೋಗ್ತೀರ?"

"ಶ್ರಾವಣ ಬರ್ಲಿ ಅಂತ, ಆಂಟಿ."

"ಅಲ್ಲೀವರ್ಗೂ ಸುಮ್ನೆ ನಂಗ್ಯಾಕೆ ಬಾಡಿಗೆ ಕಟ್ತೀಯ? ದುಡ್ಡು ಜಾಸ್ತಿ ಆಗಿದ್ಯಾ?"

ಒಳಗೆ ಹೋಗಿ ಅಡ್ವಾನ್ಸ್ ಪೂರ್ತಿ ತಂದು ನನ್ನ ಕೈಗಿಟ್ಟರು. "ಈ ವಾರನೇ ಹೊರಡಿ. ಹೊಸ ಮನೇಲಿ ಹಾಲು ನಾನೇ ಬಂದು ಉಕ್ಕಿಸ್ತೀನಿ. ಆಷಾಢದ ದೋಷ ಏನಿದ್ರೂ ಉಕ್ಕಿಸ್ದೋರಿಗೆ. ಈ ಮುದುಕಿಗೆ ಇನ್ನೇನಾಗ್ಬೇಕು, ಹೇಳು."

ಅದು ಎಲ್ಲಿಯ ಶಾಸ್ತ್ರವೋ ನನಗೆ ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಯಾರ ಗೃಹಪ್ರವೇಶದಲ್ಲೂ ಒಲೆಯ ಹತ್ತಿರ ಸುಳಿದವರಲ್ಲ. ಯಾರೂ ತಡೆಯುವ ಮೊದಲು ತಾವೇ ದೂರ ನಿಲ್ಲುತ್ತಿದ್ದರು. ಅಂಥವರು ಬಸ್ಸಿನಲ್ಲಿ ಬೈರಕೂರಿಗೆ ಬಂದು, ಸೆರಗು ಸಿಕ್ಕಿಸಿ, ನಮ್ಮ ಒಲೆಯ ಮುಂದೆ ಕೂತರು. ನಾನು ಪಾತ್ರೆ ಮುಟ್ಟಲು ಹೋದರೆ ಕೈ ತಳ್ಳಿದರು. ಹಾಲು ಉಕ್ಕಿದಾಗ ನನ್ನ ಗಂಡನನ್ನು ನೋಡಿ, "ಏನಪ್ಪಾ, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ? ಹೋಗಿರೋದು ಕೆಲ್ಸ, ಕೈಕಾಲಲ್ಲ" ಎಂದರು. ಇವರು ಎಷ್ಟೋ ದಿನಗಳ ಮೇಲೆ ನಕ್ಕರು.

ಆಷಾಢ ಮುಗಿಯುವ ಮೊದಲೇ ಪಕ್ಕದ ಮನೆಯವರು ಫೋನ್ ಮಾಡಿದರು. ಓನರಮ್ಮ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾ ಕುಸಿದು ತೀರಿಕೊಂಡಿದ್ದರು. ಸರಿ ಎಂದು ಫೋನ್ ಇಟ್ಟೆ. ಸಾರಿಗೆ ಉಪ್ಪು ಹಾಕಿದೆ. ಮತ್ತೆ ಹಾಕಿದೆ. ನನ್ನ ಗಂಡ ಬಂದು ಕೈ ಹಿಡಿದುಕೊಂಡಾಗಲೇ ಇನ್ನೊಂದು ಹಿಡಿ ಉಪ್ಪು ನನ್ನ ಕೈಯಲ್ಲಿರುವುದು ತಿಳಿದದ್ದು.

"ಹಾರ್ಟ್ ಅಟ್ಯಾಕ್ ಕಣೇ. ಅದಕ್ಕೂ ಹಾಲಿಗೂ ಏನ್ ಸಂಬಂಧ?" ಎಂದು ಇವರು ಎಷ್ಟೋ ಸಲ ಹೇಳಿದ್ದಾರೆ. ನನಗೂ ಗೊತ್ತು. ಆದರೂ "ಉಕ್ಕಿಸ್ದೋರಿಗೆ" ಎಂದ ಅವರ ದನಿ ನೆನಪಾದರೆ ಈಗಲೂ ಒಲೆಯ ಮೇಲಿನ ಹಾಲನ್ನು ಉಕ್ಕುವ ಮೊದಲೇ ಇಳಿಸಿಬಿಡುತ್ತೇನೆ.

ಕಳೆದ ತಿಂಗಳು ಇವರಿಗೆ ಕೋಲಾರದಲ್ಲಿ ಕೆಲಸ ಸಿಕ್ಕಿತು. ಎಲ್ಲರಿಗೂ ಹೇಳಿ ಆಯಿತು. ಮೊದಲು ಹೇಳಬೇಕಾಗಿದ್ದವರು ಇಲ್ಲ.