ನಾಲ್ಕು ಗಂಟೆಯ ಹೊಳಪು

ಕನ್ನಡಕದಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಬೆನ್ನ ಹಿಂದೆ 'ಒಕ್ಕಣ್ಣ' ಎನ್ನುತ್ತಿದ್ದರು. ಪಾಪ, ಎರಡು ಕಣ್ಣೂ ನೆಟ್ಟಗಿದ್ದವು. ಏನು ನೋಡಬೇಕಾದರೂ, ಅದು ಹೆಂಡತಿಯ ಹೊಸ ಸೀರೆಯೇ ಆಗಿರಲಿ, ಎಡಗಣ್ಣು ಮುಚ್ಚಿಕೊಳ್ಳುವುದು ಯುದ್ಧ ಕಲಿಸಿದ ಚಾಳಿ. ಮೂವತ್ತೆಂಟು ವರ್ಷದ ಹಿಂದೆ ಶತ್ರುಗಳು ಊರೊಳಗೆ ನುಗ್ಗಿದಾಗ, ಇದೇ ಅಂಗಡಿಯ ಮಹಡಿಯಲ್ಲಿ ಬಂದೂಕು ಹಿಡಿದು ನಲವತ್ತು ದಿನ ಬೀದಿ ಕಾದವರು ಅವರು. ಕಿಟಕಿಯ ಹತ್ತಿರ ಎಂದೂ ಸುಳಿದವರಲ್ಲ. ಕೋಣೆಯ ಹಿಂಗೋಡೆಗೆ ಮೇಜು ಹಾಕಿ, ಅದರ ಮೇಲೆ ಬೋರಲು ಮಲಗಿ, ಎದುರು ಮನೆಗಳಲ್ಲಿ ಗಾಜು ಹೊಳೆಯುವುದನ್ನೇ ಕಾಯುತ್ತಿದ್ದರು. ಹೊಳೆದರೆ ಅದು ಶತ್ರುವಿನ ದುರ್ಬೀನು, ತಕ್ಷಣ ಗುಂಡು.

ಒಂದು ದಿನ ನಾಲ್ಕು ಗಂಟೆಗೆ ಎದುರಿನ ಮೂರನೇ ಕಿಟಕಿಯಲ್ಲಿ ಹೊಳೆದದ್ದು ದುರ್ಬೀನಲ್ಲ, ಕನ್ನಡಕ. ಅಲ್ಲಿ ಅಡಗಿದ್ದ ಊರಿನ ಮೇಷ್ಟರು ಪುಸ್ತಕ ಹಿಡಿದು ಬೆಳಕಿಗೆ ಬಂದಿದ್ದರು. ಶತ್ರುಗಳೇ ಕೊಂದರೆಂದು ಅವರ ಮಗಳು ಎದೆ ಬಡಿದುಕೊಂಡು ಅತ್ತಳು. ಅಲ್ಲ ಎನ್ನಲು ಇವರಿಗೆ ನಾಲಿಗೆ ಏಳಲಿಲ್ಲ. ಎರಡು ವರ್ಷಕ್ಕೆ ಅವಳನ್ನೇ ಮದುವೆಯಾದರು. ಪ್ರೀತಿಯೋ ಪ್ರಾಯಶ್ಚಿತ್ತವೋ? ನನ್ನನ್ನು ಕೇಳಿದರೆ ಎರಡೂ. ನಿಜ ಬಾಯಿಬಿಟ್ಟರೆ ಎದ್ದು ಹೋದಾಳೆಂಬ ಭಯಕ್ಕೆ ಆಮೇಲೂ ಮುಚ್ಚಿಟ್ಟರು.

ಆ ಕಿಟಕಿಗೆ ಈಗ ಗಾಜೇ ಇಲ್ಲ. ಆದರೂ ಬಿಸಿಲಿರಲಿ ಮೋಡವಿರಲಿ, ನಾಲ್ಕಕ್ಕೆ ಸರಿಯಾಗಿ ಅಲ್ಲೊಂದು ಹೊಳಪು. ಬೇರೆ ಯಾರಿಗೂ ಕಾಣದು. ಆ ಹೊತ್ತಿಗೆ ಯಜಮಾನರು ಬೀದಿಗೆ ಬೆನ್ನು ಹಾಕಿ ಗಾಜು ಉಜ್ಜುತ್ತ ಕೂರುತ್ತಿದ್ದರು.

ಹೀಗಿರುವಾಗ ಸಿನಿಮಾದವನೊಬ್ಬ ವಕ್ಕರಿಸಿದ. "ಒಬ್ಬ ಮನುಷ್ಯ, ಒಂದು ಬಂದೂಕು, ಇಡೀ ಊರು ಉಳೀತು! ಜನ ಮುಗಿಬೀಳ್ತಾರೆ ಸಾರ್!"

ಯಜಮಾನರು ಆಗದೆಂದು ತಲೆಯಾಡಿಸಿದರೆ, ಹೆಂಡತಿ ಬಿಡಬೇಕಲ್ಲ! "ಹೂಂ ಅನ್ರೀ. ಅಪ್ಪನ್ನ ಕೊಂದ ಪಾಪಿ ಸಾಯೋದನ್ನ ಸಿನಿಮಾದಲ್ಲಾದ್ರೂ ನೋಡ್ತೀನಿ. ಅಪ್ಪನ ಪಾತ್ರದವನಿಗೆ ಅವರದ್ದೇ ಕನ್ನಡಕ ಕೊಡ್ತೀನಿ."

ಕನ್ನಡಕ ತರಲು ಆಕೆ ಪೆಟ್ಟಿಗೆ ತೆರೆಯಹೋದಳು. ದೃಶ್ಯ ಹೇಗೆ ಕಾಣುತ್ತದೋ ನೋಡಲೆಂದು ಸಿನಿಮಾದವನು ತನ್ನ ಜೊತೆ ಬಂದಿದ್ದ ನಟನನ್ನು ಎದುರು ಮನೆಗೆ ಅಟ್ಟಿ, ಯಜಮಾನರನ್ನು ಮಹಡಿ ಹತ್ತಿಸಿ, ಹಳೇ ಮೇಜಿನ ಮೇಲೆ ಮಲಗಿಸಿ, ಬಂದೂಕಿನ ಬದಲು ಕೈಗೊಂದು ಕಿಟಕಿ ಪರದೆಯ ಕೋಲು ಕೊಟ್ಟ. ಹೊರಗೆ ಮೋಡ ಕವಿದಿತ್ತು. ಕೋಲು ಭುಜಕ್ಕೆ ತಾಗಿದ್ದೇ ತಡ, ಎಡಗಣ್ಣು ತಾನಾಗಿ ಮುಚ್ಚಿತು, ಉಸಿರು ನಿಂತಿತು. ಕೆಳಗೆ ಅಂಗಡಿಯ ಗಡಿಯಾರ ನಾಲ್ಕು ಬಡಿಯಿತು.

ಮೂರನೇ ಕಿಟಕಿ ಹೊಳೆಯಿತು.

"ಮಾವ! ಕಿಟಕಿ ಬಿಟ್ಟು ಒಳಗ್ಹೋಗಿ!" ಯಜಮಾನರು ಕೋಲು ಎಸೆದು ಕಿರುಚಿದರು. "ಇಲ್ಲಿರೋದು ನಾನು! ಹೊಡೆಯೋನು ನಾನೇ!"

ಸಿನಿಮಾದವನು ಬೀದಿಗೆ ಬಗ್ಗಿ ನೋಡಿ ಪೆಚ್ಚಾದ. "ನಟ ಇನ್ನೂ ಕೆಳಗೇ ನಿಂತು ಎದುರುಮನೆ ಬಾಗಿಲು ತಟ್ತಾ ಇದಾನಲ್ಲ ಸಾರ್."

ಯಜಮಾನರು ತಿರುಗಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ಗಾಜು ಒಡೆದ ಕನ್ನಡಕ ಅವಳ ಕೈಯಲ್ಲೇ ಇತ್ತು. ಗಂಡನ ಮುಖ ನೋಡಿದಳು, ಮೇಜು ನೋಡಿದಳು, ಅಲ್ಲಿಂದ ಎದುರಿನ ಕಿಟಕಿಯವರೆಗೆ ಕಣ್ಣಲ್ಲೇ ಗೆರೆ ಎಳೆದಳು. ಮೂವತ್ತೆಂಟು ವರ್ಷ ಹೇಳದೆ ಉಳಿದದ್ದನ್ನು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಸ್ವಲ್ಪ ಸರ್ಕೊಳ್ರೀ," ಎಂದಳು.

ಅವರು ಸರಿದರು. ಆಕೆ ಮೇಜಿನ ಮೇಲೆ ಬಾಗಿ, ಗಂಡನ ಹಾಗೆಯೇ ಎಡಗಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು.

"ಅಪ್ಪ ಓದ್ತಾ ಇದಾರೆ," ಎಂದಳು.